ಎಡಕ್ಕೆ ಎಳೆಯುವ ಲಾರಿ

ಹೆದ್ದಾರಿ ಪಕ್ಕದ ಆ ತಗಡಿನ ಶೆಡ್ಡಿನವನಿಗೆ ಹೆತ್ತವರು ಇಟ್ಟ ಹೆಸರು ಏನೆಂದು ಈಗ ಯಾರೂ ಕೇಳುವುದಿಲ್ಲ. ಯಾವ ಲಾರಿ ಎಲ್ಲಿ ಕುಸಿದು ಕೂತರೂ ಜಾಕಿ ಹಿಡಿದುಕೊಂಡು ಅದರ ಅಡಿಗೆ ನುಗ್ಗುವವನು ಅವನೇ. ಹಾಗಾಗಿ ಜಾಕಣ್ಣ ಎಂಬ ಹೆಸರು ಅಂಟಿಕೊಂಡಿತು. ಹೊಸ ಲಾರಿಗಳ ಸಹವಾಸಕ್ಕೆ ಅವನು ಹೋಗುವುದಿಲ್ಲ. "ಅದಕ್ಕೆ ಕಂಪ್ಯೂಟರ್ ಹಚ್ಚಿ ನೋಡ್ಬೇಕಪ್ಪ, ನನ್ನ ಹತ್ರ ಇರೋದು ಸುತ್ತಿಗೆ" ಎಂದು ಕೈ ತೊಳೆದುಕೊಳ್ಳುತ್ತಾನೆ. ಉದ್ದ ಮೂತಿಯ ಹಳೆಯ ಲಾರಿಗಳು ಬಂದರೆ ಮಾತ್ರ ಮುಖ ಅರಳುತ್ತದೆ.

ಅವನದೂ ಅಂಥದ್ದೇ ಒಂದು ಲಾರಿ. ಹಿಂದುಗಡೆ ಕ್ರೇನು ಕಟ್ಟಿಸಿ, ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರಲು ಇಟ್ಟುಕೊಂಡದ್ದು. ಅದನ್ನು ಓಡಿಸುವುದು ಎಲ್ಲರಿಗೂ ಬಗ್ಗುವ ಕೆಲಸವಲ್ಲ. ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು. ಹದ ತಪ್ಪಿದರೆ ಗೇರುಪೆಟ್ಟಿಗೆ ಕರಕರನೆ ಹಲ್ಲು ಕಡಿಯುತ್ತದೆ. ಹೆಂಡತಿ ಇದ್ದಾಗ ದೂರದ ಕರೆ ಬಂದರೆ ಅವಳೂ ಹತ್ತಿ ಪಕ್ಕದಲ್ಲಿ ಕೂರುತ್ತಿದ್ದಳು. ಅವಳು ತೀರಿಹೋದ ಮೇಲೆ ಆ ಸೀಟಿಗೆ ಸ್ಪ್ಯಾನರ್ ಡಬ್ಬ, ಸರಪಳಿ, ಗೋಣಿಚೀಲಗಳು ಬಂದು ಕೂತವು. ಕೆಟ್ಟ ಲಾರಿಯ ಡ್ರೈವರು ಬಂದು ಇಣುಕಿದರೂ "ನೀನು ನಿನ್ನ ಗಾಡೀಲೇ ಕೂತು ಸ್ಟೀರಿಂಗ್ ಹಿಡ್ಕೊಳಯ್ಯಾ" ಎಂದು ಹಿಂದಕ್ಕೆ ಅಟ್ಟುತ್ತಿದ್ದ. ಹೀಗೆ ಎಷ್ಟೋ ವರ್ಷ ಆ ಕ್ಯಾಬಿನ್ನಿನಲ್ಲಿ ಅವನೊಬ್ಬನೇ.

ಈ ಸಲ ಕಣ್ಣಿನ ಡಾಕ್ಟರು ಖಂಡತುಂಡವಾಗಿ ಹೇಳಿಬಿಟ್ಟರು. ಎಡಗಣ್ಣಿನ ದೃಷ್ಟಿ ಇನ್ನು ಬಾರದು, ಬಲಗಣ್ಣನ್ನಾದರೂ ಉಳಿಸಿಕೊಳ್ಳೋಣ, ರಸ್ತೆಗೆ ಲಾರಿ ಇಳಿಸುವ ಮಾತೇ ಬೇಡ. ಸುದ್ದಿ ಹೇಗೆ ತಿಳಿಯಿತೋ, ಗುಜರಿಯವನು ಬಂದು ಲಾರಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿ ಹೋದ. ಆ ತಟ್ಟುವಿಕೆ ಜಾಕಣ್ಣನ ಎದೆಗೇ ಬಿತ್ತು. ಲಾರಿ ಉಳಿಯಬೇಕಾದರೆ ಅದನ್ನು ಓಡಿಸುವವರು ಬೇಕು. ಅವನು ತಂಗಿಯ ಮಗಳಿಗೆ ಹೇಳಿ ಕಳುಹಿಸಿದ.

ಅವಳು ಶಾಲೆಯ ವ್ಯಾನು ಓಡಿಸುವವಳು, ಎರಡು ಮಕ್ಕಳ ತಾಯಿ, ಗಟ್ಟಿಗಿತ್ತಿ. ಬಂದವಳೇ ಲಾರಿಯನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಮಾವ, ಇದು ನನಗಿಂತ ದೊಡ್ಡದಲ್ವಾ ವಯಸ್ಸಲ್ಲಿ?"

"ನಿನ್ನಮ್ಮನಿಗಿಂತ ಚಿಕ್ಕದು. ಅವಳಷ್ಟು ಸದ್ದು ಮಾಡಲ್ಲ. ಹತ್ತು."

ಕ್ಲಚ್ಚಿನ ಆಟ ಅವಳಿಗೆ ಬೇಗ ಒಲಿಯಿತು. ಶೆಡ್ಡಿನ ಹಿಂದಿನ ಬಯಲಿನಲ್ಲಿ ಮೂರನೆಯ ಗೇರಿನವರೆಗೂ ಹೋದಳು. ಜಾಕಣ್ಣ ಫುಟ್‌ಬೋರ್ಡಿನ ಮೇಲೆ ನಿಂತು ಹಿಗ್ಗುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳು, "ಮಾವ, ಇದು ಎಡಕ್ಕೆ ಎಳೀತಿದೆ" ಎಂದಳು.

"ಇಲ್ಲಮ್ಮ, ನಿನ್ನ ಕೈ ಇನ್ನೂ ಕೂತಿಲ್ಲ."

"ಕೈ ಅಲ್ಲ ಮಾವ. ಗಾಡಿನೇ."

"ಇದರ ಒಂದೊಂದು ನಟ್ಟು ನನಗೆ ಗೊತ್ತು. ನೆಟ್ಟಗೆ ಹೋಗುತ್ತೆ. ವ್ಯಾನಿನ ಥರ ಎರಡು ಬೆರಳಲ್ಲಿ ಹಿಡೀಬೇಡ."

ಗೇಟಿನಿಂದ ಆಚೆ ಬರುವಾಗ ಎಡಗಡೆಯ ಮಡ್‌ಗಾರ್ಡು ಕಲ್ಲುಕಂಬಕ್ಕೆ ತಿಕ್ಕಿ ಕಿರ್ರೆಂದಿತು. ಅವಳು ಅಲ್ಲೇ ಎಂಜಿನ್ ಆರಿಸಿ ಕೆಳಗಿಳಿದಳು.

"ಕಂಬದ ಜಾಗದಲ್ಲಿ ಯಾರಾದ್ರೂ ಸೈಕಲ್ ಹೊಡ್ಕೊಂಡು ಬಂದಿದ್ರೆ? ನಂಗೆ ಎರಡು ಮಕ್ಕಳಿದಾವೆ ಮಾವ. ಇದು ಆಗಲ್ಲ."

"ಹೋಗು ಹೋಗು. ಲಾರಿ ಅಂದ್ರೆ ವ್ಯಾನಲ್ಲ ಅಂತ ಆಗಲೇ ಹೇಳಿದ್ದೆ."

ಅವಳು ತಿರುಗಿ ನೋಡದೆ ನಡೆದಳು. ಅವನೂ ಕರೆಯಲಿಲ್ಲ.

ಮಾರನೆಯ ದಿನ ಟೈರ್ ಅಂಗಡಿಯವನು ಯಾವುದೋ ಟ್ಯೂಬು ಕೊಡಲು ಬಂದು, ತಿಕ್ಕಿದ ಮಡ್‌ಗಾರ್ಡು ನೋಡಿ ಕೇಳಿದ. ಜಾಕಣ್ಣ ಎಲ್ಲ ಹೇಳಿ, "ಈಗಿನವರಿಗೆ ತೋಳಲ್ಲಿ ಕಸುವಿಲ್ಲ" ಎಂದು ಮುಗಿಸಿದ. ಟೈರಿನವನು ನಕ್ಕುಬಿಟ್ಟ.

"ಅಲ್ಲ ಜಾಕಣ್ಣ, ನಿನ್ನ ಲಾರಿ ಎಡಗಡೆ ಟೈರನ್ನ ಮಾತ್ರ ಅರ್ಧ ಹಲ್ಲು ಬಿದ್ದವನು ಹಣ್ಣು ತಿಂದ ಹಾಗೆ ಒಂದೇ ಬದಿ ತಿನ್ನುತ್ತೆ. ನಾನು ಹೇಳಿದ್ರೆ ರಬ್ಬರ್ ಸರಿಯಿಲ್ಲ ಅಂತ ನನ್ನನ್ನೇ ಬೈದು ಕಳಿಸ್ತೀಯ. ಆ ಹುಡುಗಿ ಸುಳ್ಳು ಯಾಕೆ ಹೇಳ್ತಾಳೆ?"

ಅವನು ಹೋದ ಮೇಲೆ ಜಾಕಣ್ಣ ಕುಕ್ಕರುಗಾಲಲ್ಲಿ ಕೂತು ಎಡಗಡೆ ಟೈರಿನ ಮೇಲೆ ಅಂಗೈ ಸವರಿದ. ಆಮೇಲೆ ಎದ್ದು ಲಾರಿಯನ್ನು ಬಯಲಿಗೆ ತಂದು, ಮುಂದಿನ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿ, ಮೊದಲನೆಯ ಗೇರಿಗೆ ಹಾಕಿ, ಮೆಲ್ಲಗೆ ಸಾಗುತ್ತಿದ್ದಂತೆ ಸ್ಟೀರಿಂಗಿನಿಂದ ಎರಡೂ ಕೈ ಎತ್ತಿದ. ಇಷ್ಟು ವರ್ಷಗಳಲ್ಲಿ ಅವನು ಹಾಗೆ ಮಾಡಿದ್ದೇ ಇಲ್ಲ. ಮಾಡುವ ಅಗತ್ಯವೇನಿತ್ತು? ಲಾರಿ ಹತ್ತು ಮಾರು ಹೋಗುವುದರೊಳಗೆ, ಮನೆಯ ದಾರಿ ಗೊತ್ತಿರುವ ದನದ ಹಾಗೆ, ತನ್ನಷ್ಟಕ್ಕೆ ತಾನೇ ಎಡಕ್ಕೆ ಹೊರಳಿತು.

ಅವನು ದಾರ ತಂದ. ಬಲಗಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಹಿಡಿದು ಗಂಟು ಹಾಕಿದ. ಅದೇ ದಾರವನ್ನು ಎಡಗಡೆ ಹಿಡಿದರೆ ಎರಡು ಬೆರಳಿನಷ್ಟು ಜೋಲುಬಿತ್ತು. ಅಂದರೆ ಚಕ್ರಗಳನ್ನು ಹೊತ್ತ ಮುಂದಿನ ಅಚ್ಚು ಎಡಗಡೆಯಲ್ಲಿ ಹಿಂದಕ್ಕೆ ಸರಿದಿದೆ, ಗಾಡಿ ಅತ್ತಲೇ ತಿರುಗುತ್ತಿದೆ. ಅಡಿಗೆ ನುಗ್ಗಿ ಟಾರ್ಚು ಹಿಡಿದ. ಸ್ಪ್ರಿಂಗಿನ ಪ್ಲೇಟುಗಳನ್ನು ಅಚ್ಚಿಗೆ ಕಚ್ಚಿಸಿ ಹಿಡಿಯುವ ನಡುಬೋಲ್ಟು ಒಳಗೇ ತುಂಡಾಗಿತ್ತು. ಅಚ್ಚು ಕೂರುವ ಜಾಗದಲ್ಲಿ ತಿಕ್ಕಿ ತಿಕ್ಕಿ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಯಾವಾಗ ತುಂಡಾಯಿತು? ಹೆಂಡತಿ ಹೋದ ಮರುವರ್ಷ, ಸಿಮೆಂಟು ತುಂಬಿದ ಲಾರಿಯನ್ನು ಎಳೆದು ತರುವಾಗ ಸೇತುವೆ ಬಳಿ ಎಡಚಕ್ರ ಗುಂಡಿಗೆ ಬಿದ್ದದ್ದು ನೆನಪಾಯಿತು. ಆಗ ಪ್ಲೇಟುಗಳನ್ನು ಎಣಿಸಿ, ಎಲ್ಲ ನೆಟ್ಟಗಿವೆ ಎಂದು ಸುಮ್ಮನಾಗಿದ್ದ. ಅಲ್ಲಿಂದ ಈಚೆಗೆ ಅಚ್ಚು ಕೂದಲೆಳೆಯಷ್ಟು ಸರಿದಾಗ ಅವನ ಕೈಯೂ ಕೂದಲೆಳೆಯಷ್ಟು ಬಲಕ್ಕೆ ಸರಿದಿದೆ. ಕೈ ಅವನಿಗೆ ವರದಿ ಕೊಡಲಿಲ್ಲ. ಊರವರ ಲಾರಿಗಳ ಕಾಯಿಲೆಯೆಲ್ಲ ಅವನಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಅವುಗಳಲ್ಲಿ ಅವನು ಹೊರಗಿನವನು. ತನ್ನದರಲ್ಲಿ ಹೊರಗಿನವರು ಯಾರೂ ಕೂತಿರಲಿಲ್ಲ. ಹೆಂಡತಿ ಇದ್ದಿದ್ದರೆ ಮೊದಲ ದಿನವೇ, "ಯಾಕ್ರೀ, ಸ್ಟೀರಿಂಗ್ ಸೊಟ್ಟಗೆ ಹಿಡ್ಕೊಂಡಿದೀರಿ?" ಎಂದು ಕೇಳುತ್ತಿದ್ದಳು.

ಆಮೇಲಿನದು ಅವನಿಗೆ ತಿಳಿದ ಕೆಲಸ. ಜಾಕಿ ಕೊಟ್ಟು ಎತ್ತಿ, ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಕುಡಿಸಿ ಬಿಚ್ಚಿದ. ತುಂಡು ಬೋಲ್ಟನ್ನು ಹೊರಕ್ಕೆ ಬಡಿದು ಹೊಸದನ್ನು ಹಾಕಿ, ಅಚ್ಚನ್ನು ಸರಪಳಿ ಕಟ್ಟಿ ಮುಂದಕ್ಕೆ ಎಳೆದ. ಬೋಲ್ಟಿನ ತಲೆ ತನ್ನ ಕುಳಿಯೊಳಗೆ ಟಕ್ಕೆಂದು ಕೂತಾಗ ಬೆವರು ಒರೆಸಿಕೊಂಡ. ದಾರ ಹಿಡಿದು ನೋಡಿದರೆ ಎರಡೂ ಬದಿ ಸಮ.

ಖುಷಿಯಿಂದ ಹತ್ತಿ ಬಯಲಿನಲ್ಲಿ ಹೊರಟ. ಲಾರಿ ಬಲಕ್ಕೆ ನುಗ್ಗಿತು. ಬ್ರೇಕು ಹಾಕಿ ಮತ್ತೆ ಹೊರಟ; ಮತ್ತೆ ಬಲಕ್ಕೆ. ಲಾರಿಯದೇನೂ ತಪ್ಪಿರಲಿಲ್ಲ. ಅವನ ಕೈಗಳೇ ಅದನ್ನು ಎಳೆಯುತ್ತಿದ್ದವು. ಬೇಡವೆಂದರೂ ಕೇಳದೆ, ಇಲ್ಲದ ಎಡಸೆಳೆತವನ್ನು ತಿದ್ದುತ್ತಿದ್ದವು.

ತಂಗಿಯ ಮಗಳಿಗೆ ಫೋನು ಮಾಡಿದ. "ಮಗಳೇ, ನೀನು ಹೇಳಿದ್ದೇ ಸರಿ. ಗಾಡಿ ನೆಟ್ಟಗಾಗಿದೆ. ಈಗ ಸೊಟ್ಟಗಿರೋನು ನಾನು. ಒಂದ್ಸಲ ಬಂದು ನೋಡ್ತೀಯಾ?"

"ಮಡ್‌ಗಾರ್ಡ್ ಬಡಿದು ಸರಿ ಮಾಡಿದೀಯೋ, ನನಗೆ ತೋರ್ಸೋಕೆ ಹಾಗೇ ಇಟ್ಟಿದೀಯೋ?" ಎಂದಳು. ಅವನಿಗೆ ಉಸಿರು ಬಂತು.

ಅವಳು ಬರುವ ಹೊತ್ತಿಗೆ ಪಕ್ಕದ ಸೀಟಿನ ಸಾಮಾನನ್ನೆಲ್ಲ ಇಳಿಸಿ ಒರೆಸಿಟ್ಟಿದ್ದ. ಬಯಲಿನಲ್ಲಿ ಅವಳ ಪಕ್ಕ ಕೂತ. ಲಾರಿ ಗೆರೆ ಎಳೆದಂತೆ ಹೋಗುತ್ತಿತ್ತು. ಆದರೆ ತೊಡೆಯ ಮೇಲಿದ್ದ ಅವನ ಕೈಗಳು ತಮ್ಮಷ್ಟಕ್ಕೆ ಬಲಕ್ಕೆ ತಿರುಗುತ್ತಿದ್ದವು. ಅದು ಅವಳ ಕಣ್ಣಿಗೆ ಬಿದ್ದು ಲಾರಿ ಗೆರೆ ತಪ್ಪಿತು.

"ಮಾವ, ಕೈ ಕಟ್ಟಿ ಕೂತ್ಕೋ."

ಕಟ್ಟಿದ. ಆಗ ಭುಜ ತಿರುಗಿತು. ಇಬ್ಬರೂ ನಕ್ಕರು.

ಅಷ್ಟರಲ್ಲಿ ಕರೆ ಬಂತು. ದಿಣ್ಣೆಯಾಚೆ ಹಳೆಯ ಲಾರಿಯೊಂದರ ಹಿಂದಿನ ಅಚ್ಚು ಮುರಿದಿದೆ, ರಸ್ತೆ ನಡುವೆ ನಿಂತಿದೆ. ಅವಳು ಎಂಜಿನ್ ಆರಿಸದೆ ಅವನನ್ನೇ ನೋಡಿದಳು. ಜಾಕಣ್ಣ ಬಾಗಿಲು ತೆರೆದು ಕೆಳಗಿಳಿದ.

"ನೀನೂ ಬಾ ಮಾವ."

"ನಾನಿದ್ರೆ ನೀನು ರಸ್ತೆ ಬಿಟ್ಟು ನನ್ನ ಕೈ ನೋಡ್ತೀಯ. ಸರಪಳಿ ಹೇಗೆ ಹಾಕ್ಬೇಕು ಅಂತ ಆ ಡ್ರೈವರಿಗೆ ಫೋನಲ್ಲಿ ಹೇಳ್ತೀನಿ. ಹೊರಡು."

ಲಾರಿ ಗೇಟು ದಾಟಿತು. ಕಲ್ಲುಕಂಬಕ್ಕೂ ಮಡ್‌ಗಾರ್ಡಿಗೂ ನಡುವೆ ಒಬ್ಬ ಮನುಷ್ಯ ನಡೆದುಹೋಗುವಷ್ಟು ಜಾಗವಿತ್ತು.

ತನ್ನ ಲಾರಿ ದೂರ ಹೋಗುವ ಸದ್ದನ್ನು ಜಾಕಣ್ಣ ಎಂದೂ ಕೇಳಿರಲಿಲ್ಲ. ಇಷ್ಟು ವರ್ಷ ಅವನು ಆ ಸದ್ದಿನ ಒಳಗಿದ್ದ. ದಿಣ್ಣೆಯ ಬುಡದಲ್ಲಿ ಅದು ಉಸಿರು ಕಟ್ಟಿತು. ಕ್ಲಚ್ಚು ಒಂದು, ಕ್ಲಚ್ಚು ಎರಡು ಎಂದು ಅವನ ಕಾಲು ನೆಲವನ್ನು ಒತ್ತಿತು. ಗೇರು ಸದ್ದಿಲ್ಲದೆ ಬಿತ್ತು. "ದೇವರೇ, ಅವಳನ್ನು ನೆಟ್ಟಗೆ ಕರ್ಕೊಂಡು ಹೋಗಿ ನೆಟ್ಟಗೆ ಕರ್ಕೊಂಡು ಬಾ" ಎಂದ. ಒಳಗೆ ತಾನಿದ್ದಾಗ ಆ ಲಾರಿಗಾಗಿ ಅವನು ಏನನ್ನೂ ಬೇಡಿದ್ದಿಲ್ಲ.

ದಿಣ್ಣೆಯ ನೆತ್ತಿಯಲ್ಲಿ ಬೇರೆ ವಾಹನಗಳ ಸದ್ದು ಸೇರಿಕೊಂಡಿತು. ಅದರಲ್ಲಿ ತನ್ನದು ಯಾವುದೆಂದು ಆರಿಸಿಕೊಳ್ಳಲು ಜಾಕಣ್ಣ ಕಿವಿಗೊಟ್ಟು ನಿಂತ. ಸಿಗಲಿಲ್ಲ. ಆದರೂ ಗೇಟಿನ ಬಳಿಯಿಂದ ಕದಲಲಿಲ್ಲ.