ಹುರಿದ ಹುಣಸೆ ಬೀಜದ ಗಣಿತ

ನಮ್ಮ ಮನೆಯ ಬಾಗಿಲ ಪಕ್ಕದ ಪುಟ್ಟ ಮೇಜಿನ ಮೇಲೆ ಅಜ್ಜಿಯ ಕಾಲದ ಅಳಗುಳಿಮಣೆಯೊಂದಿತ್ತು. ಹಲಸಿನ ಮರದ್ದು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಡಲ್ಲಾಸಿನ ಅಂಚಿನ ಈ ಕಾಪೆಲ್‌ಗೆ ಬಂದಮೇಲೆ ಅದು ಆಟ ಮರೆತು ಸಂಸಾರಕ್ಕೆ ಬಿದ್ದಿತ್ತು: ಒಂದು ಗುಳಿಯಲ್ಲಿ ಕಾರಿನ ಕೀ, ಇನ್ನೊಂದರಲ್ಲಿ ಅಂಚೆಪೆಟ್ಟಿಗೆಯ ಕೀ, ಮತ್ತೊಂದರಲ್ಲಿ ಸತ್ತಿವೆಯೋ ಬದುಕಿವೆಯೋ ಯಾರಿಗೂ ತಿಳಿಯದ ಬ್ಯಾಟರಿಗಳು. ಮೈಸೂರಿನ ಹೈಸ್ಕೂಲಿನಲ್ಲಿ ಎಂಟು ವರ್ಷ ಗಣಿತ ಕಲಿಸಿದ ನಾನೂ ಹೆಚ್ಚುಕಡಿಮೆ ಹಾಗೆಯೇ ಇದ್ದೆ ಎನ್ನಿ. ಇಲ್ಲಿ ಕೆಲಸ ಮಾಡಲು ಅನುಮತಿ ಸಿಗುವುದಕ್ಕೆ ವರ್ಷಗಳೇ ಹಿಡಿದವು. ಅದು ಕೈಗೆ ಬರುವ ಹೊತ್ತಿಗೆ ಧೈರ್ಯ ಹೇಳದೆ ಕೇಳದೆ ಹೊರಟುಹೋಗಿತ್ತು.

ಮಣೆಯ ನಿಜರೂಪವನ್ನು ಗುರುತಿಸಿದವರು ಅಕೋಸುವಾ, ನನ್ನ ಮಗಳು ಶನಿವಾರ ಗಣಿತ ಕಲಿಯಲು ಹೋಗುತ್ತಿದ್ದ ಪಾಠಕೇಂದ್ರದ ಒಡತಿ, ಘಾನಾ ದೇಶದವರು. ಮಗಳು ಮರೆತುಬಂದ ನೀರಿನ ಬಾಟಲಿಯನ್ನು ಕೊಡಲೆಂದು ಬಂದವರು, ಒಂದು ಚಪ್ಪಲಿ ಕಾಲಲ್ಲಿರುವಂತೆಯೇ ಇನ್ನೊಂದನ್ನು ಕೈಯಲ್ಲಿ ಹಿಡಿದು, "ನಮ್ಮ ಓವಾರೆ ನಿಮ್ಮ ಮನೆಗೆ ಹೇಗೆ ಬಂತು?" ಎಂದು ಕೂಗಿದರು. ನಾವಿಬ್ಬರೂ ಮಾತನಾಡಿದ್ದು ಇಂಗ್ಲಿಷಿನಲ್ಲಿ. ನನಗದು ನೆನಪಿರುವುದು ಕನ್ನಡದಲ್ಲಿ. ಅವರ ಊರಿನ ಆಟಕ್ಕೆ ಸಾಲಿಗೆ ಆರೇ ಗುಳಿ, ಗುಳಿಗೆ ನಾಲ್ಕೇ ಬೀಜ. "ನಿಮ್ಮ ಬಡಗಿ ಲೆಕ್ಕ ತಪ್ಪಿದ್ದಾನೆ" ಎಂದರು. "ನಿಮ್ಮವನಿಗೆ ಹಲಗೆ ಸಾಲದೆ ಬಂದಿರಬೇಕು" ಎಂದೆ. ಮಾರನೆಯ ದಿನ ಸಾಕ್ಷಿಗೆಂದು ಅವರು ತಮ್ಮ ಮಣೆ ತಂದು ಬೀಜಗಳನ್ನು ಸುರಿದಾಗ ನಾನು ಕುಣಿಯುವುದೊಂದು ಬಾಕಿ: ಬೂದು ಬಣ್ಣದ, ನುಣುಪಾದ, ಸಾಕ್ಷಾತ್ ನಮ್ಮ ಗಜ್ಜುಗ! ಚಿಕ್ಕಂದಿನಲ್ಲಿ ಕಲ್ಲಿಗೆ ಉಜ್ಜಿ ಬಿಸಿ ಮಾಡಿ ಪಕ್ಕದವಳ ತೋಳಿಗೆ ತಾಗಿಸುತ್ತಿದ್ದ ಅದೇ ಗಜ್ಜುಗ, ಒಂದು ಸಮುದ್ರ ದಾಟಿ ನನ್ನ ಸೋಫಾದ ಕೆಳಗೆ ಉರುಳುತ್ತಿತ್ತು.

ಆಗ ಹಾಸನದಿಂದ ನಮ್ಮತ್ತೆ ಬಂದಿದ್ದರು. ಅವರು ಕೊಟ್ಟ ಕೋಡುಬಳೆಯನ್ನು ಅಕೋಸುವಾ ಯಾರೂ ಹೇಳದೆಯೇ ಬಲಗೈ ಚಾಚಿ ತೆಗೆದುಕೊಂಡದ್ದು ಅತ್ತೆಯ ಮನಸ್ಸು ಗೆದ್ದಿತು. ಅಲ್ಲಿಯೂ ಎಡಗೈಯಲ್ಲಿ ಕೊಡುವುದು, ಕೊಳ್ಳುವುದು ತಪ್ಪಂತೆ. ಅಲ್ಲದೆ ಹುಟ್ಟಿದ ವಾರವನ್ನೇ ಹೆಸರಾಗಿ ಇಡುವುದು ಅವರ ಪದ್ಧತಿ, ಅಕೋಸುವಾ ಎಂದರೆ ಭಾನುವಾರ ಹುಟ್ಟಿದವಳು ಎಂದು ನಾನು ವಿವರಿಸಿದ್ದೇ ತಡ, "ಹಂಗಾದ್ರೆ ಭಾನು ಅನ್ನು, ಅಷ್ಟೇ ತಾನೇ" ಎಂದು ಅತ್ತೆ ನಾಮಕರಣ ಮುಗಿಸಿಬಿಟ್ಟರು.

ಈ ಭಾನುವಿನ ಬದುಕನ್ನು ನೋಡಿ: ಘಾನಾದ ಕುಮಾಸಿಯಲ್ಲಿ ಶಾಲಾ ಶಿಕ್ಷಕಿ, ಹ್ಯೂಸ್ಟನ್ನಿಗೆ ಬಂದಾಗ ಆ ಅನುಭವವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದೆ ಶಿಶುವಿಹಾರದಲ್ಲಿ ಮಕ್ಕಳ ಡಯಾಪರ್ ಬದಲಿಸುವ ಕೆಲಸ, ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಆರು ಮಕ್ಕಳಿಗೆ ಮಣೆಯ ಮೇಲೆ ಕೂಡುವ ಕಳೆಯುವ ಪಾಠ, ಅದೇ ಬೆಳೆದು ಹ್ಯೂಸ್ಟನ್ನಿನಲ್ಲೊಂದು ಕೇಂದ್ರ, ಆಮೇಲೆ ಡಲ್ಲಾಸಿನಲ್ಲೊಂದು, ಮಣೆಗಳನ್ನು ತಯಾರಿಸಲು ಒಂದು ಮರಗೆಲಸದ ಶೆಡ್ಡು. ಗುಳಿಯಲ್ಲಿದ್ದುದನ್ನೆಲ್ಲ ಒಮ್ಮೆಗೇ ಬಾಚಿ, ಖಾಲಿಯಾದ ಗುಳಿಯನ್ನು ತಿರುಗಿ ನೋಡದೆ, ಮುಂದಿನವುಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದೇ ನಮ್ಮ ಆಟದ ನಿಯಮ. ನಾನಾದರೋ ಖಾಲಿಯಾದ ಗುಳಿಯ ಮುಂದೆಯೇ ಕುಳಿತು ಅಳುತ್ತಿದ್ದವಳು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಡುವುದೇಕೆ.

ಅವರಿಗಿದ್ದ ಒಂದೇ ಕೊರಗು ಆಸ್ಟಿನ್ನಿನದು. ಅಮೆರಿಕಕ್ಕೆ ಹೊಸದಾಗಿ ಬಂದು ಇನ್ನೂ ಇಂಗ್ಲಿಷ್ ಬಾರದ ಮಕ್ಕಳೇ ಹೆಚ್ಚಿದ್ದ ಅಲ್ಲಿನ ಶಾಲೆಯೊಂದು, ಭಾಷೆಯಿಲ್ಲದೆ ಗಣಿತ ಕಲಿಸಲಾಗದೆಂದು ಅವರನ್ನು ಒಮ್ಮೆ ವಾಪಸು ಕಳಿಸಿತ್ತು. ಈಗ ಮತ್ತೆ ಕರೆದಿತ್ತು. ಇದೇ ಕೊನೆಯ ಅವಕಾಶ. ಅಲ್ಲಿಗೆ ಒಯ್ಯುವ ಮಣೆಗಳಿಗೆ ಗಜ್ಜುಗ ಸಾಲದಾದಾಗ ಹುಣಸೆ ಬೀಜದ ಹೊಣೆಯನ್ನು ನಾನು ಹೊತ್ತೆ. ಬೀಜ ತೆಗೆದ ಹುಣಸೆಯನ್ನೇ ಕೊಳ್ಳುವ ಕಾಪೆಲ್ಲಿನ ಆಂಟಿಯರಿಗೆಲ್ಲ ಬೀಜವಿರುವುದನ್ನೇ ಕೊಳ್ಳಿರೆಂದು ಗೋಗರೆದು, ಎರಡು ತಿಂಗಳ ಸಾರು, ಪುಳಿಯೋಗರೆಗಳ ಪುಣ್ಯದಿಂದ ಒಂದು ಚೀಲ ತುಂಬಿಸಿದೆ.

ಆಸ್ಟಿನ್ನಿಗೆ ಮೂರು ಗಂಟೆಯ ದಾರಿ. ಅಲ್ಲಿನ ದೇವಸ್ಥಾನ ನೋಡುವ ಆಸೆಗೆ ನಮ್ಮಿಬ್ಬರ ಜೊತೆ ಅತ್ತೆಯೂ ಹೊರಟರು. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಮತ್ತಿಬ್ಬರ ಎದುರು ಅಕೋಸುವಾ ಚೀಲ ಬಿಚ್ಚಿದರೆ, ಘಮ್ಮೆಂದು ಹುರಿದ ವಾಸನೆ! ಬೀಜಗಳೆಲ್ಲ ಸಿಪ್ಪೆ ಬಿರಿದು, ಕಪ್ಪಾಗಿ, ಉಪ್ಪು ಮೆತ್ತಿಕೊಂಡು ಕುಳಿತಿವೆ. ನಾನು ಅತ್ತೆಯ ಕಡೆ ತಿರುಗಿದೆ.

"ದಾರೀಲಿ ಬಾಯಾಡ್ಸೋಕೆ ಇಟ್ಟಿದೀಯ ಅಂದ್ಕೊಂಡೆ ಕಣೇ. ಹಸೀ ಬೀಜ ಯಾರು ತಿಂತಾರೆ? ಅದಕ್ಕೇ ನಿನ್ನೆ ಹುರಿದಿಟ್ಟೆ" ಎಂದರು ಅತ್ತೆ, ಒಳ್ಳೆಯದು ಮಾಡಿದವರ ಸಮಾಧಾನದಿಂದ.

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಕೋಸುವಾ ಒಂದು ಬೀಜವನ್ನು ಮೂಸಿ ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ಅವರ ಕೈಹಿಡಿದು ಕರೆತಂದು ಮುಖ್ಯೋಪಾಧ್ಯಾಯಿನಿಯ ಎದುರು ಮಣೆಯ ಮುಂದೆ ಕೂರಿಸಿ, "ಇವರಿಗೆ ಇಂಗ್ಲಿಷ್ ಬರುವುದಿಲ್ಲ. ನಿಮಗೆ ಇವರ ಭಾಷೆ ಬರುವುದಿಲ್ಲ. ಆಡಿ" ಎಂದರು.

ಅತ್ತೆ ಆರು ಗುಳಿಯ ಮಣೆಯನ್ನು ಕಂಡು "ಒಂದು ಗುಳಿ ತಿಂದವ್ರೆ" ಎಂದು ಮೂಗು ಮುರಿದರೂ ಸೆರಗು ಸಿಕ್ಕಿಸಿ ಕುಳಿತರು. ಎದುರಾಳಿಯ ಮಣಿಕಟ್ಟು ಹಿಡಿದು ಬೀಜ ಹಾಕಿಸಿದರು, ತಪ್ಪಾದಾಗ ಬೆರಳಿಗೊಂದು ಏಟು ಕೊಟ್ಟರು, ಸರಿಯಾದಾಗ ಗಲ್ಲ ಸವರಿದರು. ಕಾಲು ಗಂಟೆಯಲ್ಲಿ ಆಕೆ ಎಣಿಸದೆಯೇ ಬೀಜಗಳ ಮುಂದಿನ ದಾರಿ ಹೇಳಬಲ್ಲವಳಾಗಿದ್ದಳು. ಅಷ್ಟರಲ್ಲಿ ಅತ್ತೆ ತಾವು ಗೆದ್ದ ಮೂರು ಬೀಜಗಳಲ್ಲಿ ಒಂದನ್ನು ಬಾಯಿಗೆ ಹಾಕಿ ಕಟಮ್ಮೆನಿಸಿದರು. "ಅಯ್ಯೋ, ಈಗ ಲೆಕ್ಕ ಏನಾಯಿತು?" ಎಂದಳಾಕೆ ಗಾಬರಿಯಿಂದ. ಅಕೋಸುವಾ ತಣ್ಣಗೆ, "ವ್ಯವಕಲನ" ಎಂದರು.

ನಗು ನಿಲ್ಲಲು ತುಂಬ ಹೊತ್ತು ಬೇಕಾಯಿತು. ನಿಂತಮೇಲೆ, ತಾನೂ ಒಂದು ಬೀಜ ಅಗಿಯುತ್ತ, "ಯಾವ ವಾರದಿಂದ ಶುರುಮಾಡುತ್ತೀರಿ?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದಳು. "ಈ ಶನಿವಾರದಿಂದಲೇ" ಎಂದ ಅಕೋಸುವಾ ನನ್ನ ಕಡೆ ತಿರುಗಿ ಹೇಳಿದರು: "ಹಾಗಾಗಿ ಶನಿವಾರದ ಡಲ್ಲಾಸ್ ಕ್ಲಾಸು ನಿಮ್ಮದು." ನಾನು ನೆಪ ಹುಡುಕಿದೆ, ಆ ಹಾಳು ನಗುವಿನ ಗುಂಗಿನಲ್ಲಿ ಒಂದೂ ಸಿಗಲಿಲ್ಲ.

ಮನೆಗೆ ಬಂದವಳೇ ಮಣೆಯನ್ನು ಬೋರಲು ಹಾಕಿದೆ. ಕೀಗಳು ಮೇಜಿನ ಮೇಲೆ ಚೆಲ್ಲಿದವು, ಬ್ಯಾಟರಿಗಳು ಕಸದ ಬುಟ್ಟಿ ಸೇರಿದವು. ಈಗ ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಾರಿನ ಕೀಗಾಗಿ ಹಾಹಾಕಾರ. ಮಗಳು "ಅಮ್ಮಾ, ನಾಟ್ ಅಗೇನ್!" ಎನ್ನುತ್ತಾಳೆ. ಯಜಮಾನರು ಸೋಫಾದ ಕೆಳಗೆ ಕೈಯಾಡಿಸುತ್ತ, "ಇನ್ನು ಈ ಕೀ ಎಲ್ಲಿಡೋದು ಮಾರಾಯ್ತಿ?" ಎನ್ನುತ್ತಾರೆ. ಹದಿನಾಲ್ಕು ಗುಳಿಯೂ ಖಾಲಿಯಾಗಿ ಹಗುರಾದ ಮಣೆಯನ್ನು ಕಂಕುಳಲ್ಲಿ ಅವುಚಿಕೊಂಡು ನಾನು ಬಾಗಿಲಲ್ಲಿ ನಿಂತಿರುತ್ತೇನೆ: "ಎಲ್ಲಾದ್ರೂ ಇಡಿ, ಬೇಗ ಹುಡುಕಿ. ಟೀಚರ್‌ಗೆ ಲೇಟಾಗ್ತಿದೆ."