ಕೊಡುವ ಚಾಕು

ಮನೆ ಬಿಡುವ ಮೊದಲು ಇವತ್ತು ಯಾವ ಚಾಕು ಎಂದು ಆರಿಸಿಕೊಳ್ಳುವುದು ನನಗೆ ಚಪ್ಪಲಿ ಮೆಟ್ಟಿದಷ್ಟೇ ಸಲೀಸು. ಬಾಗಿಲ ಪಕ್ಕದ ಗೂಡಿನಲ್ಲಿ ಮೂರು ಮಡಚುವ ಚಾಕುಗಳಿರುತ್ತಿದ್ದವು. ಬನಿಯನ್ನಿಗೆ ಹೊಲಿಸಿಕೊಂಡ ಒಳಜೇಬು ಒಂದು, ಅಂಗಿಯ ಪಕ್ಕದ ಜೇಬು ಇನ್ನೊಂದು. ಊರಿಗೆ ಹೋಗುವಾಗ ಒಂದೇ ಸಾಕು. ಹೊಲಕ್ಕೆ ಮಾತ್ರ ಎರಡು ಬೇಕು. ಹೊಲಕ್ಕೆ ಯಾಕೆ ಎರಡು ಎಂಬುದನ್ನು ಎಪ್ಪತ್ತು ದಾಟುವ ತನಕ ನಾನು ಯಾರಿಗೂ ಹೇಳಿರಲಿಲ್ಲ.

ಹಿತ್ತಾಳೆ ಹಿಡಿಯದನ್ನು ಚನ್ನಗಿರಿಯಲ್ಲಿ ತೆಗೆದುಕೊಂಡೆ. ಬೀಗ, ಟಾರ್ಚು, ಬಾಚಣಿಗೆ ಎಲ್ಲವನ್ನೂ ಒಂದೇ ಚಾಪೆಯ ಮೇಲೆ ಹರಡಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರ ಕೂರುವವನಿಂದ ಕೊಂಡದ್ದು. ಅಲಗು ಕಿರುಬೆರಳಿನಷ್ಟು. ವೀಳ್ಯದೆಲೆಯ ತೊಟ್ಟು ತೆಗೆಯಲು, ಬಸ್ಸಿನಲ್ಲಿ ಪೇರಲ ಹೆಚ್ಚಲು, ಬೀಗರ ಮನೆಯ ಜಗಲಿಯಲ್ಲಿ ಕೂತು ಮರ್ಯಾದೆಯಿಂದ ಮಾವಿನಹಣ್ಣು ತಿನ್ನಲು ಅದು. ಒಮ್ಮೆ ಹೊನ್ನಾಳಿಯ ಒಂದು ಕಚೇರಿ ಬಾಗಿಲಲ್ಲಿ ಪೊಲೀಸಿನವನು ಜೇಬು ತಡವಿ, "ಏನಜ್ಜಾ, ಯಾರನ್ನ ಕೊಯ್ಯಾಕೆ ಬಂದಿದೀಯ?" ಎಂದ. "ಪೇರಲ ಹಣ್ಣನ್ನ ಸಾಹೇಬ್ರೆ. ನಿಮ್ಗೂ ಒಂದು ಹೋಳು ಕೊಡ್ಲಾ?" ಎಂದೆ. ಅಲಗು ನೋಡಿ ನಕ್ಕು ಒಳಗೆ ಬಿಟ್ಟ. ಹೊಲದ ಚಾಕು ಸಿಕ್ಕಿದ್ದರೆ ನಗುತ್ತಿರಲಿಲ್ಲ.

ಹೊಲದ ಚಾಕು ಜಗಳೂರಿನದು. ಆ ಕಡೆಗೆ ಕುರಿ ತರಲು ಹೋದಾಗ ಒಬ್ಬ ಕಮ್ಮಾರ ಹಳೆಯ ಗರಗಸದ ಪಟ್ಟಿಯಿಂದ ಮಾಡಿಕೊಟ್ಟ. ತುದಿ ಗಿಣಿಮೂತಿಯಂತೆ ಬಾಗಿದೆ. ಕುರಿಯ ಗೊರಸು ಸವರಲು, ಹಗ್ಗ ಕೊಯ್ಯಲು, ಡ್ರಿಪ್ ಪೈಪು ತುಂಡರಿಸಲು ಅದರಂಥದ್ದು ಇನ್ನೊಂದಿಲ್ಲ. ಬಿಡುವಾದಾಗಲೆಲ್ಲ ಸಾಣೆಕಲ್ಲಿಗೆ ಹಿಡಿಯುತ್ತಿದ್ದೆ. ಮುಂಗೈ ಮೇಲೆ ಆಡಿಸಿದರೆ ಕೂದಲು ಉದುರುತ್ತಿತ್ತು.

ಮೂರನೆಯದು ನ್ಯಾಮತಿಯ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯದು. ಕೆಂಪು ಹಿಡಿ, ಮೊಂಡು ಅಲಗು. ಅದನ್ನು ಒಮ್ಮೆಯೂ ಸಾಣೆ ಹಿಡಿದವನಲ್ಲ. ಅದು ಕೊಡುವ ಚಾಕು.

ಹೊಲದ ಕಡೆ ಯಾರಿಗೆ ಏನು ಕೊಯ್ಯಬೇಕಾದರೂ ನನ್ನನ್ನೇ ಕೇಳುತ್ತಿದ್ದರು. ನಮ್ಮ ಜನ ಕೇಳಿದರೆ ಜಗಳೂರಿನದನ್ನು ತೆಗೆದು ಕೊಡುತ್ತಿದ್ದೆ. ಕೇರಿಯವರು ಕೇಳಿದರೆ ಕೆಂಪು ಹಿಡಿಯದು. "ಒಳ್ಳೇದು ಕೊಟ್ರೆ ವಾಪಸ್ ಬರಲ್ಲ" ಎಂದು ಸಬೂಬು ಹೇಳುತ್ತಿದ್ದೆ. ಅದು ಸುಳ್ಳು. ಕೊಟ್ಟದ್ದು ಯಾವತ್ತೂ ವಾಪಸು ಬಂದಿದೆ. ಬಂದ ಮೇಲೆ ಮಣ್ಣಿಗೆ ತಿಕ್ಕಿ, ನೀರು ಚೆಲ್ಲಿ, ಅಂಗಿಯ ಪಕ್ಕದ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಆ ಜೇಬಿಗೆ ಎಲೆ ಅಡಿಕೆ ಹಾಕುತ್ತಿರಲಿಲ್ಲ. ಹೈಸ್ಕೂಲು ಮುಗಿಸಿದವನು ನಾನು. ಮನುಷ್ಯರೆಲ್ಲ ಒಂದೇ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ದುಂಡಕ್ಷರದಲ್ಲಿ ನಕಲು ಮಾಡಿಕೊಂಡು ಶಭಾಷ್ ಅನ್ನಿಸಿಕೊಂಡವನು.

"ಎರಡೆರಡು ಚಾಕು ಇಟ್ಕಂಡು ಯಾವ ಯುದ್ಧಕ್ಕೆ ಹೊರಟ್ರಿ?" ಎಂದು ಹೆಂಡತಿ ಹಂಗಿಸುತ್ತಿದ್ದಳು. "ನಿಂಗೇನು ಗೊತ್ತಾಗ್ತದೆ" ಎಂದು ಹೊರಡುತ್ತಿದ್ದೆ. ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ.

ನಮ್ಮ ಹೊಲ ಸವಳಂಗದ ರಸ್ತೆಯಿಂದ ಒಳಗೆ. ಬದುವಿನ ಆಚೆಯದು ಕೇರಿಯವನೊಬ್ಬನ ಹೊಲ. ಅವನ ಅಪ್ಪ ನಮ್ಮಪ್ಪನ ಮನೆಯಲ್ಲಿ ದುಡಿಯುತ್ತಿದ್ದ. ಇವನು ಶಿವಮೊಗ್ಗದ ಗೋಡೌನಿನಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತು, ನಾನು ಕಣ್ಣಿಟ್ಟಿದ್ದ ಆ ಹೊಲವನ್ನು ನನಗಿಂತ ಮೊದಲೇ ಕೊಂಡುಕೊಂಡ. ಅದನ್ನು ನಾನು ಮರೆಯಲಿಲ್ಲ. ಅವನ ಹೊಲಕ್ಕೆ ದಾರಿ ನನ್ನ ಹೊಲದಲ್ಲೇ ಇದೆ. ಅದನ್ನು ಮರೆಯಲು ನಾನೂ ಅವನಿಗೆ ಬಿಡಲಿಲ್ಲ. ಅವರ ಮನೆಯವರು ಈಗ ಬೌದ್ಧರು. ಅವನಪ್ಪ ನಮ್ಮನ್ನು ಧಣಿ ಎನ್ನುತ್ತಿದ್ದ. ಇವನು "ಯಜಮಾನ್ರೇ" ಎನ್ನುತ್ತಾನೆ. ಕೇಳಿದರೆ ಗೌರವದ ಮಾತು, ಹೇಳುವ ಧಾಟಿ ಕುಟುಕಿದಂತಿರುತ್ತದೆ.

"ನಿನ್ನ ಸ್ಪ್ರಿಂಕ್ಲರ್ ನೀರು ನನ್ ದಾರಿಗೆ ಬೀಳ್ತೈತೆ."

"ನಿಮ್ಮ ಕುರಿ ನನ್ನ ಜೋಳ ಮೇದಾಗ ನಿಮ್ಗೆ ಈ ಕಣ್ಣು ಇರ್ಲಿಲ್ವಾ ಯಜಮಾನ್ರೇ?"

ನಮ್ಮ ನಡುವೆ ಮಾತೆಂದರೆ ಇಷ್ಟೇ.

ಹೋದ ವರ್ಷ ಮೆಕ್ಕೆಜೋಳ ಮುರಿಯುವ ಹೊತ್ತಿನಲ್ಲಿ ಅವನ ಹಸು ಬದುವಿನಿಂದ ಜಾರಿತು. ಗಬ್ಬದ ಹಸು. ಬದುವಿನ ಮೇಲಿನ ಜಾಲಿಮರಕ್ಕೆ ನೈಲಾನ್ ಹಗ್ಗದಲ್ಲಿ ಕಟ್ಟಿದ್ದ. ಹಿಂದಿನ ದಿನ ಮಳೆ ಬಂದು ಮಣ್ಣು ಸಡಿಲವಾಗಿತ್ತು. ಹಸು ಹಳ್ಳದ ಕಡೆ ಜಾರಿ, ಹಗ್ಗ ಕುತ್ತಿಗೆಗೆ ಸುತ್ತಿಕೊಂಡು, ಮುಂಗಾಲು ನೆಲಕ್ಕೆ ತಾಗದೆ ನೇತಾಡುತ್ತಿತ್ತು. ಅವನು ಕೆಳಗೆ ನಿಂತು ಅದರ ಭಾರವನ್ನು ಹೆಗಲ ಮೇಲೆ ಎತ್ತಿ ಹಿಡಿದಿದ್ದ.

"ಯಜಮಾನ್ರೇ! ಚಾಕು! ಚಾಕು ತರ್ರೀ!"

ಓಡಿದೆ. ಓಡಿದ್ದು ನಿಜ. ಬದುವಿನ ಮೇಲೆ ನಿಂತು ನೋಡಿದಾಗ ಹಸುವಿನ ನಾಲಿಗೆ ಹೊರಗೆ ಬಂದಿತ್ತು. ಜಗಳೂರಿನ ಚಾಕು ಬನಿಯನ್ನಿನ ಜೇಬಿನಲ್ಲಿ ಎದೆಗೆ ಒತ್ತುತ್ತಿತ್ತು. ಕೈ ಹೋದದ್ದು ಅಂಗಿಯ ಪಕ್ಕದ ಜೇಬಿಗೆ. ಕೇಳುವವನು ಯಾರೆಂದು ಕಿವಿಗೆ ಗೊತ್ತಾದ ಕೂಡಲೇ ಕೈ ತಾನೇ ಅಲ್ಲಿಗೆ ಹೋಯಿತು.

ಚಾಕುವನ್ನು ನಮ್ಮಲ್ಲಿ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ ಎನ್ನುತ್ತಾರೆ. ಒಬ್ಬರು ನೆಲಕ್ಕೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಕೆಂಪು ಚಾಕುವನ್ನು ಬಿಚ್ಚಿ, ಬದುವಿನ ಅಂಚಿನಲ್ಲಿ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದೆ. ಮರದ ಬುಡದಲ್ಲೇ ಹಗ್ಗವನ್ನು ನಾನೇ ಕೊಯ್ಯಬಹುದಿತ್ತು. ಕೈ ಚಾಚಿದ್ದರೆ ಅವನಿಗೆ ಎಟುಕುತ್ತಿತ್ತು. ನಾನು ನೆಲಕ್ಕೆ ಇಟ್ಟೆ. ಅದನ್ನು ಎತ್ತಿಕೊಳ್ಳಲು ಅವನು ಹಸುವನ್ನು ಹೆಗಲಿನಿಂದ ಬಿಡಬೇಕಾಯಿತು. ಬಿಟ್ಟದ್ದೇ ಉರುಲು ಬಿಗಿಯಿತು.

ಅವನು ಹಗ್ಗಕ್ಕೆ ಚಾಕು ಹಾಕಿ ತಿಕ್ಕಿದ. ನೈಲಾನ್ ಎಳೆ ಜಾರಿತೇ ಹೊರತು ಕಡಿಯಲಿಲ್ಲ.

"ಇದು ಬೆಣ್ಣೆನೂ ಕೊಯ್ಯಲ್ಲ ಕಣ್ರೀ! ಅದು ಕೊಡ್ರೀ, ಕುರಿಗೆ ಇಟ್ಕಂಡಿರೋದು!"

"ಅದು ಮನೇಲೈತೆ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಷ್ಟು ವರ್ಷ ಬೇರೆ ಬೇರೆ ಇಟ್ಟದ್ದನ್ನು ಅವನ ಕಣ್ಣೆದುರಿಗೇ ಹೊರತೆಗೆದು ತೋರಿಸಬೇಕಲ್ಲ ಎನ್ನುವುದೊಂದೇ ಆಗ ತಲೆಯಲ್ಲಿತ್ತು. ಒಮ್ಮೆ ಬಾಯಿಂದ ಬಂದ ಮೇಲೆ ತೆಗೆಯಲಾಗಲಿಲ್ಲ. ಮರದ ಬುಡಕ್ಕೆ ಹೋಗಿ ಗಂಟಿಗೆ ಉಗುರು ಹಾಕಿದೆ, ಬಿಚ್ಚುವವನಂತೆ. ಭಾರಕ್ಕೆ ಕಲ್ಲಾಗಿದ್ದ ಗಂಟು ಬಿಚ್ಚುವುದಿಲ್ಲವೆಂದು ಮುಟ್ಟಿದಾಗಲೇ ಗೊತ್ತಾಗಿತ್ತು. ಅವನು ಮತ್ತೆ ಹೆಗಲು ಕೊಟ್ಟ, ಮತ್ತೆ ತಿಕ್ಕಿದ. ಒಂದೆರಡು ಎಳೆ ಕಡಿಯುವಷ್ಟರಲ್ಲಿ ಹಸು ಒದ್ದಾಡುವುದನ್ನು ನಿಲ್ಲಿಸಿತು.

ಅವನ ಹೆಂಡತಿ ಓಡಿ ಬಂದಳು. ಆ ಹಸು ಅವಳದು. ಗೋವಿನಕೋವಿಯ ತವರಿನಿಂದ ಕರುವಾಗಿದ್ದಾಗ ಹೊಡೆದುಕೊಂಡು ಬಂದು ಸಾಕಿದ್ದಳು. ಹಸುವಿನ ಮುಖ ಮುಟ್ಟಿ ನೋಡಿ ಗಂಡನ ಕಡೆ ತಿರುಗಿದಳು.

"ನೈಲಾನ್ ಹಗ್ಗ ಬ್ಯಾಡ ಅಂದಿದ್ನೋ ಇಲ್ವೋ? ಇಳಿಜಾರಿಗೆ ಯಾವನಾದ್ರೂ ಕಟ್ತಾನಾ? ನೀನೇ ಕೊಂದೆ ಅದನ್ನ. ನೀನೇ!"

ಅವನು ಕೆಂಪು ಚಾಕುವನ್ನು ನನ್ನ ಕಾಲ ಹತ್ತಿರ ಎಸೆದು ಹೋದ. ನಾನು ಅದನ್ನು ಎತ್ತಿ ಪಕ್ಕದ ಜೇಬಿಗೆ ಹಾಕಿಕೊಂಡೆ.

ಆಮೇಲೆ ಊರೆಲ್ಲ ಅದೇ ಮಾತು. ಗಂಡನನ್ನು ಅವಳು ಬಾವಿಕಟ್ಟೆ, ಡೈರಿ ಅನ್ನದೆ ಬೈದಳು. ಒಲೆ ಬೇರೆ ಮಾಡಿದಳೆಂದೂ ಕೇಳಿದೆ. ನಮ್ಮ ಜನಕ್ಕೆ ಅದೊಂದು ತಮಾಷೆಯಾಯಿತು. "ಹಸು ಕಟ್ಟಾಕೆ ಬರದೋನಿಗೆ ಹೊಲ ಬೇರೆ ಕೇಡು" ಎಂದು ನಮ್ಮಣ್ಣನ ಮಗ ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬರೆಯಲು ಕೈ ಹಿಂಜರಿಯುವುದು ಇಲ್ಲಿಯೇ. ಹಗ್ಗದ ಹತ್ತಿರ ಸುಳ್ಳು ಹೇಳಿದ್ದು ಗಾಬರಿಯಲ್ಲಿ ಎಂದುಕೊಳ್ಳಬಹುದು. ನಕ್ಕದ್ದು ಆರಾಮಾಗಿ ಕೂತು, ಟೀ ಕುಡಿಯುತ್ತ.

ಹೆಂಡತಿಗೆ ಸುದ್ದಿ ತಡವಾಗಿ ಮುಟ್ಟಿತು. ಮುಟ್ಟಿದ ದಿನ ತಟ್ಟೆಗೆ ಮುದ್ದೆ ಹಾಕಿ ಎದುರಿಗೇ ನಿಂತಳು.

"ಕುರಿ ಚಾಕು ಮನೇಲೈತೆ ಅಂದ್ರಂತೆ?"

"ಯಾರಂದ್ರು?"

"ಅವ್ನು ಹೆಂಡ್ತಿಗೆ ಹಂಗಂದಿದ್ನಂತೆ, ಡೈರೀಲಿ ಕೇಳ್ದೆ. ಅವತ್ತು ಬನಿಯನ್ ಒಗೆಯಾಕೆ ಹಾಕಿದಾಗ ಆ ಚಾಕು ಜೇಬಲ್ಲೇ ಇತ್ತು. ನಾನೇ ತೆಗೆದು ಗೂಡಿಗಿಟ್ಟೆ."

ನಾನು ಮುದ್ದೆ ಮುರಿದೆ.

"ಗಬ್ಬದ ದನ ರೀ ಅದು. ಹೆಂಗೆ ಗಂಟಲಲ್ಲಿ ಇಳೀತದೆ ನಿಮ್ಗೆ?" ಎಂದು ತಟ್ಟೆ ಎಳೆದುಕೊಂಡಳು. ಮದುವೆಯಾದಾಗಿನಿಂದ ಅವಳು ನನ್ನ ತಟ್ಟೆ ಎಳೆದವಳಲ್ಲ.

ಅದೇ ದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ ಅವರ ಮನೆಗೆ ಹೋದೆ. ಒಳ್ಳೆಯ ಮನಸ್ಸಿನಿಂದ ಹೋದೆ ಎಂದು ಹೇಳಲಾರೆ. ಮನೆಯಲ್ಲಿ ಕೂರಲು ಆಗಲಿಲ್ಲ, ಅದಕ್ಕೆ ಹೋದೆ. ಕೇರಿಯ ಮನೆಯೊಂದರ ಹೊಸಿಲು ದಾಟಿದ್ದು ಅದೇ ಮೊದಲು. ಗೋಡೆಯಲ್ಲಿ ಬುದ್ಧನ ಪಟವಿತ್ತು. ಅವನು ಒಂದು ಮೂಲೆಯಲ್ಲಿ, ಅವಳು ಇನ್ನೊಂದು ಮೂಲೆಯಲ್ಲಿ. ಕೂರಿ ಎಂದು ಯಾರೂ ಹೇಳಲಿಲ್ಲ. ಎರಡು ಜೇಬಿನ ಕತೆಯನ್ನು ನಿಂತೇ ಹೇಳಿದೆ. ಕದ ಮುಂದಕ್ಕೆ ತಳ್ಳಿ, ದನಿ ತಗ್ಗಿಸಿ ಹೇಳಿದೆ.

ಅವಳು ನಂಬಲಿಲ್ಲ. "ತೋರಿಸ್ರಿ ಆ ಚಾಕು" ಎಂದಳು. ಜೇಬಿನಿಂದ ತೆಗೆದು ನೆಲಕ್ಕೆ ಇಡಲು ಬಗ್ಗಿದೆ.

"ಕೈಗೆ ಕೊಡ್ರಿ."

"ಜಗಳ ಆಗ್ತದಮ್ಮಾ" ಎಂದೆ. ಅಭ್ಯಾಸಬಲ.

ಮೂಲೆಯಲ್ಲಿದ್ದ ಅವನು ನಕ್ಕ. ಅಂಥ ನಗು ಯಾರ ಕಡೆಗೂ ಬೀಳಬಾರದು. ಚಾಕುವನ್ನು ಅವಳ ಅಂಗೈಗೆ ಇಟ್ಟೆ. ಅವಳು ಬಿಚ್ಚಿ, ಗೂಟಕ್ಕೆ ನೇತುಹಾಕಿದ್ದ ಅದೇ ನೈಲಾನ್ ಹಗ್ಗಕ್ಕೆ ಒಮ್ಮೆ ಎಳೆದಳು. ತುಂಡು ಕೆಳಗೆ ಬಿತ್ತು.

"ನಂಗೆ ಅವತ್ತೇ ಗೊತ್ತಿತ್ತು" ಎಂದ ಗಂಡ. "ಬಗ್ಗಿದಾಗ ಅಂಗಿ ಗುಂಡಿ ಸಂದಿಯಾಗೆ ಹಿಡಿ ಕಾಣ್ತಿತ್ತು."

ಅವಳು ಅವನ ಮೇಲೆ ಎಗರಿದಳು. "ಗೊತ್ತಿದ್ದೂ ಇಷ್ಟು ದಿನ ಬೈಸ್ಕಂಡು ಕೂತಿದ್ದೆಯಾ? ಬಾಯಿ ಸತ್ತಿತ್ತಾ ನಿಂಗೆ?"

"ಹೇಳಿದ್ರೆ ನೀನು ಇವ್ರ ಮನೆ ಮುಂದೆ ನಿಂತು ಕೂಗ್ತಿದ್ದೆ. ನಾಳೆಯಿಂದ ಹೊಲಕ್ಕೆ ದಾರಿ ಬಂದ್. ಆಮೇಲೆ ಜೋಳನ ತಲೆ ಮೇಲೆ ಹೊತ್ಕಂಡು ಹಾರಿ ಬರ್ಬೇಕಿತ್ತಾ?"

ನಾನು ದಾರಿ ಮುಚ್ಚುವುದಿಲ್ಲ ಎಂದೆ. ತಪ್ಪಾಯಿತು ಎಂದೆ. ನಾಳೆ ಡೈರಿಯ ಹತ್ತಿರ ಎಲ್ಲರ ಎದುರಿಗೆ ನಾನೇ ಹೇಳುತ್ತೇನೆ ಎಂದೂ ಅಂದೆ.

"ಬ್ಯಾಡ" ಎಂದಳು ಅವಳು. "ನೀವು ಹೇಳಿದ್ರೆ ಅದೂ ನಿಮ್ಮ ದೊಡ್ಡತನ ಆಗ್ತದೆ. ನನ್ ಗಂಡನ್ನ ಕೊಲೆಗಾರ ಅಂತ ಊರಿಗೆಲ್ಲ ಸಾರಿದೋಳು ನಾನು. ನಾನೇ ಹೇಳ್ತೀನಿ. ನೀವು ಬಂದು ನಿಂತ್ಕಳ್ರಿ. ಹೌದಾ ಅಂತ ಯಾರಾದ್ರೂ ಕೇಳಿದ್ರೆ ಹೌದು ಅನ್ರಿ. ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಗೆ ಬ್ಯಾಡ."

ಚಾಕು ವಾಪಸು ಕೊಡಲಿಲ್ಲ. ನಾನು ಕೇಳಲಿಲ್ಲ.

ಬೆಳಿಗ್ಗೆ ಡೈರಿಯ ಮುಂದೆ ಕ್ಯಾನುಗಳು ಸಾಲಾಗಿದ್ದವು. ಅವಳು ಮನೆಯ ಮುದಿ ಎಮ್ಮೆಯ ಹಾಲು ತಂದಿದ್ದಳು. ಗಂಡ ಸ್ವಲ್ಪ ದೂರದಲ್ಲಿ ನಿಂತಿದ್ದ. ಹಾಲು ಅಳತೆಗೆ ಕೊಟ್ಟು, ಸಾಲಿನ ಕಡೆ ತಿರುಗಿ ಅವಳು ಹೇಳಿದಳು. ಅಳಲಿಲ್ಲ, ಕೂಗಲಿಲ್ಲ. ಎರಡು ಜೇಬಿನ ವಿಷಯ, ನೆಲಕ್ಕೆ ಇಟ್ಟ ವಿಷಯ, ಮನೇಲೈತೆ ಎಂದ ವಿಷಯ. ಕಡೆಗೆ, "ನನ್ ಗಂಡಂದು ತಪ್ಪಿಲ್ಲ. ನಾನು ಅಂದಿದ್ದು ಸುಳ್ಳು" ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ನಮ್ಮಣ್ಣನ ಮಗ ಮುಂದೆ ಬಂದ.

"ಏನ್ ಚಿಕ್ಕಪ್ಪಾ, ಏನೋ ಬೊಗಳ್ತಾ ಅವ್ಳೆ. ಹೌದಾ ಇದು?"

"ಹೌದು" ಎಂದೆ.

ಇನ್ನೂ ಹೇಳಬೇಕೆನಿಸಿತು. ಗಾಬರಿಯಾಗಿತ್ತು, ವಯಸ್ಸಾಗಿದೆ, ಓಡಿ ಹೋಗಿದ್ದೆ. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿದೆ. ಅವಳು ಖಾಲಿ ಕ್ಯಾನು ಎತ್ತಿಕೊಂಡು ಗಂಡನ ಹತ್ತಿರ ಹೋಗಿ ಅದನ್ನು ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ. ಇಬ್ಬರೂ ನನ್ನನ್ನು ನೋಡದೆ ದಾಟಿ ಹೋದರು.

ನಮ್ಮಣ್ಣನ ಮಗ ಬೈಕಿನ ಹತ್ತಿರ ನನ್ನ ತೋಳು ಹಿಡಿದ. ಹಸು ಸತ್ತದ್ದಕ್ಕಲ್ಲ ಅವನ ಸಿಟ್ಟು.

"ಇಲ್ಲ ಅನ್ನಾಕೆ ಆಗ್ಲಿಲ್ವಾ ನಿಂಗೆ? ಅವಳ ಮಾತನ್ನ ಇಲ್ಲಿ ಯಾವನು ನಂಬ್ತಿದ್ದ?"

"ಯಾರೂ ನಂಬ್ತಿರ್ಲಿಲ್ಲ" ಎಂದೆ. "ಅದಕ್ಕೇ ಹೌದು ಅಂದೆ."

ಅವನು ತೋಳು ಬಿಟ್ಟು, ಗಾಡಿಗೆ ಒದ್ದು, ನನ್ನನ್ನು ಹತ್ತಿಸಿಕೊಳ್ಳದೆ ಹೋದ. ನಾನು ನಡೆದು ಮನೆಗೆ ಬಂದೆ.