ಮುಧೋಳ ನಾಯಿ ಮತ್ತು ನಮ್ಮ ಮನೆಯವರ ಬೈಕು

ಪುಣೆಯಲ್ಲಿರುವ ನನ್ನ ತಮ್ಮ ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ತಂದು ನನ್ನ ಕೈಗಿತ್ತ. "ಅಕ್ಕಾ, ಕಪಾಟಿನ್ಯಾಗ ಸುಮ್ನ ಕುಂತಿತ್ತು. ನೀನರ ಹೂವಾ ಗಿಡಾ ತಗಿ" ಅಂದ. ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಲ್ಲಿಯವರೆಗೆ ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲಿಯೂ ನನ್ನ ಹೆಬ್ಬೆರಳು ಯಾವುದಾದರೂ ಒಂದು ಮೂಲೆಯಲ್ಲಿ ಹಾಜರಿ ಹಾಕಿರುತ್ತಿತ್ತು. ಅಂಥವಳು ಒಂದೇ ವಾರದಲ್ಲಿ ಬೆಳಕು, ನೆರಳು, ಕೋನ ಎಂದೆಲ್ಲ ಮಾತಾಡತೊಡಗಿದೆ. ಮೊದಲ ಎರಡರ ವಿಷಯ ಗೊತ್ತಿಲ್ಲ, ಕೋನ ಮಾತ್ರ ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದೊಂದೇ ಧೈರ್ಯ.

ಮನೆಯಲ್ಲಿ ನಾವು ಮೂರೇ ಮಂದಿ. ಮಾರ್ಕೆಟ್ಟಿನಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ ನಮ್ಮ ಮನೆಯವರು, ನಾನು, ಮತ್ತು ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ. ಮಂಡಿನೋವು ಇದೆ, ಆದರೆ ಮನೆಯಿಂದ ಹೊರಗೆ ಹೋಗುವ ಮಾತು ಬಂದರೆ ಆ ನೋವು ಎಲ್ಲಿಗೋ ಹೋಗಿಬಿಡುತ್ತದೆ. ಕ್ಯಾಮೆರಾ ನೋಡಿದ ದಿನ ಅವರು ಅದರ ಲೆನ್ಸನ್ನು ಮುಟ್ಟಿ, "ಇಷ್ಟ ಉದ್ದ ಮೂತಿ ಐತಲ್ಲವಾ, ಇದು ಎಷ್ಟ ದೂರದ್ದು ನೋಡತೈತಿ?" ಎಂದು ಕೇಳಿದರು. ಬಹಳ ದೂರದ್ದು ಎಂದೆ. "ಹಂಗಾರ ಇದನ್ನ ತಗೊಂಡು ಮನ್ಯಾಗ ಕುಂತ್ರ ಏನ್ ಉಪಯೋಗ? ನಡಿ, ದೂರ ಹೋಗೂಣು" ಎಂದರು. ಅಂದಿನಿಂದ ನನ್ನ ಫೋಟೋ ತಿರುಗಾಟಗಳಿಗೆಲ್ಲ ಅವರು ಜೊತೆಯಾದರು.

ಮೊದಲು ಹೋದದ್ದು ಬನಹಟ್ಟಿಗೆ. ಅಲ್ಲಿ ಪರಿಚಯದವರ ಮನೆಯಲ್ಲಿ ಮಗ್ಗವಿದೆ. ಮಾಡಿನ ಬೆಳಕಿಂಡಿಯಿಂದ ಬಿಸಿಲು ನೂಲಿನ ಮೇಲೆ ಬೀಳುತ್ತದೆ, ಆ ಬಿಸಿಲಿನಲ್ಲಿ ನೇಯುತ್ತಿರುವ ಹೆಂಗಸಿನ ಮುಖ ಅರ್ಧ ಮಾತ್ರ ಕಾಣಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದೆ. ನಾವು ಒಳಗೆ ಹೋದಾಗ ಎಲ್ಲವೂ ಹಾಗೆಯೇ ಇತ್ತು. ಆದರೆ ನಾನು ಕ್ಯಾಮೆರಾ ಹೊರಗೆ ತೆಗೆದದ್ದೇ ತಡ, ಆ ಮನೆಯಾಕೆ "ಯವ್ವಾ, ಒಂದ ನಿಮಿಷ ತಡೀರಿ" ಎಂದು ಒಳಗೆ ಓಡಿದರು. ಬಹಳ ಹೊತ್ತಿನ ನಂತರ ತಲೆ ಬಾಚಿ, ಪೌಡರ್ ಹಚ್ಚಿ, ಮದುವೆಯ ರೇಷ್ಮೆ ಸೀರೆ ಉಟ್ಟು, ಕೊರಳಿಗೆ ಇದ್ದಬದ್ದ ಬಂಗಾರವೆಲ್ಲ ಹಾಕಿಕೊಂಡು ಬಂದು ಮಗ್ಗದ ಮುಂದೆ ಕುಳಿತರು. ಅಷ್ಟರಲ್ಲಿ ಬಿಸಿಲು ಮಗ್ಗ ಬಿಟ್ಟು ಗೋಡೆಗೆ ಏರಿತ್ತು. "ನೇಯ್ರಿ" ಎಂದೆ. "ಈ ಸೀರಿ ಉಟ್ಕೊಂಡು ಯಾರರ ನೇಯ್ತಾರೇನ್ರಿ?" ಎಂದು ಅವರು ನನ್ನನ್ನೇ ಕೇಳಿದರು. ಅದೂ ಸರಿಯೇ. ಕೈ ಮಡಿಲಲ್ಲಿಟ್ಟುಕೊಂಡು ನೇರ ನನ್ನನ್ನೇ ದಿಟ್ಟಿಸುತ್ತಿರುವ ಅವರ ಚಿತ್ರ ತೆಗೆದುಕೊಂಡು ಬಂದೆ.

ಹಿಪ್ಪರಗಿ ಬ್ಯಾರೇಜಿನ ಹತ್ತಿರ ಬೆಳ್ಳಕ್ಕಿ ತೆಗೆಯಲು ಹೋದಾಗ ಇನ್ನೊಂದು ತೊಂದರೆ. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಒಬ್ಬರು ಇಳಿದು ಬಂದರು. "ಮೇಡಮ್, ಸರ್ವೇದವ್ರೇನ್ರಿ? ಯಾರ್ಯಾರ ಹೊಲಾ ಹೋಗತೈತ್ರಿ?" ಎಂದು ಕೇಳಿದರು. ನಾನು ಹಕ್ಕಿಯ ಫೋಟೋ ತೆಗೆಯಲು ಬಂದವಳು ಎಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಆಗ ಅತ್ತೆ ನಡುವೆ ಬಾಯಿ ಹಾಕಿ, "ತಮ್ಮಾ, ಹೊಲಾ ಯಾರೂ ಒಯ್ಯೂದಿಲ್ಲ. ಈಕಿಗಿ ಹಕ್ಕೀನೂ ಸಿಗವಲ್ದು, ನಿನ್ನ ಹೊಲಾ ಎಲ್ಲಿ ಸಿಗಬೇಕು?" ಎಂದರು. ಅವರು ನಿರಾಳವಾಗಿ ಹೋದರು. ಬೆಳ್ಳಕ್ಕಿಗಳು ಅವರಿಗಿಂತ ಮೊದಲೇ ಹೋಗಿದ್ದವು.

ಹೀಗೆ ಮನುಷ್ಯರು ಸೆಟೆದು ನಿಲ್ಲುತ್ತಾರೆ, ಹಕ್ಕಿಗಳು ಹಾರಿಹೋಗುತ್ತವೆ ಎಂದು ನಾನು ಬೇಸರದಲ್ಲಿದ್ದಾಗ ಅತ್ತೆಯೇ ತಮ್ಮ ತವರಿನ ನಾಯಿಯ ಸುದ್ದಿ ತೆಗೆದರು. ಅವರ ತವರು ಮುಧೋಳದ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರ ತಮ್ಮ, ನಾವೆಲ್ಲ ಮಾಮಾ ಎಂದು ಕರೆಯುವವರು, ಒಂದು ಮುಧೋಳ ನಾಯಿ ಸಾಕಿದ್ದರು. ತೆಳ್ಳಗೆ, ಎತ್ತರಕ್ಕೆ, ಚೂಪು ಮೂತಿಯ ಬೇಟೆನಾಯಿ. "ಅದು ಓಡೂದು ನೋಡಬೇಕು ನೀ. ನೆಲಕ್ಕ ಕಾಲ ಹತ್ತೂದ ಕಾಣೂದಿಲ್ಲ" ಎಂದರು ಅತ್ತೆ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾಲ್ಕೂ ಕಾಲು ನೆಲ ಬಿಟ್ಟಿರುವ ಆ ಒಂದು ಗಳಿಗೆ ನನಗೆ ಬೇಕಾಯಿತು.

ಭಾನುವಾರ ಅತ್ತೆ, ನಾನು ಬಸ್ಸು ಹಿಡಿದು ಹೋದೆವು. ನಾಯಿ ಬೇವಿನ ಗಿಡದ ಕೆಳಗೆ ಮಲಗಿತ್ತು. ಹೆಸರು ಹಿಡಿದು ಕರೆದರೂ ಕಿವಿ ಮಾತ್ರ ಅಲ್ಲಾಡಿಸಿತು. ಮಧ್ಯಾಹ್ನದವರೆಗೂ ಕಾಯ್ದೆ. ಕೊನೆಗೆ ಮಾಮಾ ಒಂದು ರೊಟ್ಟಿಯ ತುಂಡನ್ನು ದೂರ ಎಸೆದರು. ಏನೋ ಒಂದು ಸುಯ್ಯೆಂದು ಹೋದಂತಾಯಿತು. ನಾನು ಒತ್ತಿದೆ. ನಾಯಿ ಆಗಲೇ ಅತ್ತ ಹೋಗಿ, ರೊಟ್ಟಿ ತಿಂದು, ಮತ್ತೆ ಗಿಡದ ಕೆಳಗೆ ಬಂದು ಮಲಗಿತ್ತು. ನನ್ನ ಚಿತ್ರದಲ್ಲಿ ಇದ್ದದ್ದು ಬರೀ ಹೊಲ.

"ಹೊಲಾ ಛಲೋ ಬಂದೈತಿ ಬಿಡವಾ" ಎಂದು ಮಾಮಾ ಸಮಾಧಾನ ಹೇಳಿದರು.

ಎರಡನೆಯ ಸಲ ಹೋದಾಗ ನಾಯಿಯೂ ಚಿತ್ರದೊಳಗೆ ಬಂತು, ಆದರೆ ಉದ್ದನೆಯ ಬೂದು ಬಣ್ಣದ ಒಂದು ಗೀಟಾಗಿ. ಅತ್ತೆ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, "ಯಾರದರ ಮನ್ಯಾಗಿನ ಹೊಗಿ ತಗದೀಯೇನು?" ಎಂದರು.

ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ ಒಂದು ವಿಷಯ ಕಲಿತೆ. ಓಡುವ ಪ್ರಾಣಿಯ ಜೊತೆಗೇ ಕ್ಯಾಮೆರಾವನ್ನೂ ಅದೇ ವೇಗದಲ್ಲಿ ತಿರುಗಿಸಬೇಕಂತೆ. ಅದಕ್ಕೆ ರೂಢಿ ಬೇಕು. ಸಂಜೆ ಶಾಲೆಯಿಂದ ಬಂದ ಮೇಲೆ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ನಿಂತು, ಹೋಗಿಬರುವ ಬೈಕುಗಳನ್ನು ಹಿಡಿಯತೊಡಗಿದೆ. ಎರಡೇ ದಿನದಲ್ಲಿ ಒಂದು ವಿಚಿತ್ರ ಕಂಡಿತು. ಹೆಲ್ಮೆಟ್ ಇಲ್ಲದವರು ದೂರದಿಂದಲೇ ನನ್ನನ್ನು ನೋಡಿ ಗಕ್ಕನೆ ಹಿಂದೆ ತಿರುಗಿ ಹೋಗುತ್ತಿದ್ದರು. ಮೂವರು ಕುಳಿತು ಬರುತ್ತಿದ್ದ ಬೈಕಿನಿಂದ ಒಬ್ಬ ಇಳಿದು, ಏನೂ ಸಂಬಂಧವಿಲ್ಲದವನಂತೆ ನಡೆದುಕೊಂಡು ಹೋದ. ಪೊಲೀಸರು ಹೊಸದಾಗಿ ಹೆಂಗಸರನ್ನು ಕ್ಯಾಮೆರಾ ಕೊಟ್ಟು ನಿಲ್ಲಿಸಿದ್ದಾರೆ ಎಂಬ ಸುದ್ದಿ ಔಷಧದ ಅಂಗಡಿಗೂ ಮುಟ್ಟಿತು. ಮನೆಯವರು ರಾತ್ರಿ ಊಟಕ್ಕೆ ಕುಳಿತಾಗ, "ನಮ್ಮ ಓಣ್ಯಾಗ ಯಾವಾಕಿನೋ ಒಬ್ಬಾಕಿ ದಂಡಾ ಹಾಕಾಕತ್ತಾಳಂತ. ಹುಷಾರಾಗಿ ಅಡ್ಡಾಡು" ಎಂದು ನನಗೇ ಹೇಳಿದರು.

ಅಷ್ಟರಲ್ಲಿ ಮಾಮಾ ಫೋನು ಮಾಡಿ ಒಂದು ಉಪಾಯ ಹೇಳಿದ್ದರು. ನಾಯಿ ರೊಟ್ಟಿಗೆ ಓಡುವುದು ನಾಲ್ಕು ಮಾರು ಅಷ್ಟೇ. ಗುರುತಿಲ್ಲದ ಬೈಕು ಹೊಲದ ದಾರಿಗೆ ಬಂದರೆ ಮಾತ್ರ ಬಹಳ ದೂರ ಬೆನ್ನು ಹತ್ತುತ್ತದೆ. ಕಚ್ಚುವುದಿಲ್ಲ, ಓಡುವುದೇ ಅದಕ್ಕೆ ಚಟ. ನಾನು ಮತ್ತು ಅತ್ತೆ ಇಬ್ಬರೂ ಒಟ್ಟಿಗೆ ಮನೆಯವರ ಕಡೆ ನೋಡಿದೆವು. ಅವರು ಆವರೆಗೆ ಆ ನಾಯಿಯ ಕಣ್ಣಿಗೆ ಬಿದ್ದಿರಲಿಲ್ಲ.

"ಯಾಕ, ನನ್ನ ಯಾಕ ನೋಡಾಕತ್ತೀರಿ?" ಎಂದರು ಅವರು.

"ಬರೇ ಬೈಕ್ ಹೊಡದ್ರ ಆತ್ರಿ" ಎಂದೆ.

"ಸಣ್ಣಾಂವ ಇದ್ದಾಗ ಅಂಜತಿದ್ದ. ಈಗೂ ಅಂಜಿಕಿ ಇದ್ರ ಬ್ಯಾಡ ಬಿಡು" ಎಂದರು ಅತ್ತೆ, ಬಹಳ ಮರುಕದ ದನಿಯಲ್ಲಿ.

"ಯಾರು, ನಾನು? ನಾಯಿಗಿ?" ಎಂದು ಮನೆಯವರು ಎದೆ ಉಬ್ಬಿಸಿದರು. ಮುಂದಿನ ಭಾನುವಾರ ಅಂಗಡಿ ಮುಚ್ಚಿ, ನಮ್ಮಿಬ್ಬರನ್ನು ಬಸ್ಸಿಗೆ ಹತ್ತಿಸಿ, ಬೈಕಿನಲ್ಲಿ ಹೊರಟರು. ಹೆಲ್ಮೆಟ್ಟಿನ ಜೊತೆಗೆ ಮೊಣಕಾಲಿನವರೆಗೂ ಬರುವ ರಬ್ಬರ್ ಬೂಟು ಹಾಕಿದ್ದರು. ಯಾಕೆಂದು ಕೇಳಿದರೆ, "ಹೊಲ್ದಾಗ ರಾಡಿ ಇರತೈತಿ" ಎಂದರು. ಮಳೆ ಹೋಗಿ ಎರಡು ತಿಂಗಳಾಗಿತ್ತು.

ಕಬ್ಬು ಕಟಾವಾಗಿ ಮಾಮಾನ ಹೊಲ ಬಯಲಾಗಿ ಬಿದ್ದಿತ್ತು. ಅದರ ಬದಿಗೆ ನೇರವಾದ ಮಣ್ಣಿನ ದಾರಿ. ಇಳಿಬಿಸಿಲು ಬಂಗಾರದಂತೆ ಬಿದ್ದಿತ್ತು. ಕ್ಯಾಮೆರಾ ನೆಲದ ಮಟ್ಟದಲ್ಲಿದ್ದರೆ ನಾಯಿ ಗಾಳಿಯಲ್ಲಿರುವುದು ಸರಿಯಾಗಿ ಕಾಣುತ್ತದೆ ಎಂದು ನಾನು ದಾರಿಯ ಪಕ್ಕದಲ್ಲಿ ಬೋರಲು ಮಲಗಿದೆ. ಅತ್ತೆ ಬದುವಿನ ಮೇಲೆ ಕುಳಿತು ಸಜ್ಜಿಯ ರೊಟ್ಟಿ ಮುರಿದು ತಿನ್ನುತ್ತಿದ್ದರು. ಮನೆಯವರು ದಾರಿಯ ಆ ತುದಿಗೆ ಹೋದರು. ಮಾಮಾ ನಾಯಿಯನ್ನು ಹಿಡಿದುಕೊಂಡು ಬೇವಿನ ಗಿಡದ ಹತ್ತಿರ ನಿಂತರು.

ಆಗ ಪಕ್ಕದ ಹೊಲದಲ್ಲಿ ಮೇವು ಕೊಯ್ಯುತ್ತಿದ್ದ ಇಬ್ಬರು ಹೆಂಗಸರು "ಅಯ್ಯಯ್ಯ ಯವ್ವಾ, ಮೂರ್ಛಿ ಬಂದು ಬಿದ್ದಾಳ" ಎಂದು ಕೂಗುತ್ತ ನನ್ನ ಕಡೆ ಓಡಿಬಂದರು. ಒಬ್ಬಾಕೆ ಬುತ್ತಿಯ ಗಂಟಿನಿಂದ ಉಳ್ಳಾಗಡ್ಡಿ ತೆಗೆದು, ಕಲ್ಲಿನಿಂದ ಜಜ್ಜಿ ನನ್ನ ಮೂಗಿಗೆ ಒತ್ತಿದರು. ಇನ್ನೊಬ್ಬಾಕೆ ನನ್ನ ಅಂಗೈ ಬಿಡಿಸಿ ಕುಡಗೋಲಿನ ಕಬ್ಬಿಣದ ಹಿಡಿ ಹಿಡಿಸಲು ನೋಡಿದರು. "ಗಟ್ಟಿ ಹಿಡದಾಳ ನೋಡ ಏನನ್ನೋ, ಬಿಡವಲ್ಲಳು" ಎಂದರು. ನಾನು ಬಿಡದೆ ಹಿಡಿದದ್ದು ಕ್ಯಾಮೆರಾವನ್ನು. ಉಳ್ಳಾಗಡ್ಡಿಯ ಘಾಟಿಗೆ ಕಣ್ಣಲ್ಲಿ ನೀರು ಇಳಿಯತೊಡಗಿತು. ಅದನ್ನು ನೋಡಿ, "ಬಂತು, ಬಂತು, ಎಚ್ಚರ ಬಂತು" ಎಂದು ಅವರಿಗೆ ಸಂತೋಷ.

"ಬಿಡ್ರೇ ಆಕೀನ! ಆಕಿಗಿ ಏನೂ ಆಗಿಲ್ಲ, ಫೋಟೋ ತಗ್ಯಾಕತ್ತಾಳ" ಎಂದು ಅತ್ತೆ ಬದುವಿನಿಂದಲೇ ಕೂಗಿದರು.

"ಮಲಗಿ ಯಾರರ ಫೋಟೋ ತಗೀತಾರೇನಬೇ?"

"ನಮ್ಮಾಕಿ ತಗೀತಾಳ. ನೀವೂ ಕುಂದರ್ರಿ, ರೊಟ್ಟಿ ತಿನ್ರಿ."

ಹೀಗೆ ಪ್ರೇಕ್ಷಕರು ಮೂವರಾದರು. ಮನೆಯವರ ಬೈಕಿನ ಸದ್ದು ಕೇಳಿತು. ನಾನು ಕಣ್ಣೊರೆಸಿಕೊಂಡು ಕ್ಯಾಮೆರಾಕ್ಕೆ ಮುಖ ಹಚ್ಚಿದೆ. ಮಾಮಾ ನಾಯಿಯನ್ನು ಬಿಟ್ಟರು. ಅದು ಮೊದಲು ಒಂದು ಸಲ ನಿಂತು ನೋಡಿತು, ಯಾರಿವನು ಎನ್ನುವಂತೆ. ಆಮೇಲೆ ಬಿಲ್ಲಿನಂತೆ ಬಾಗಿ, ಬಾಣದಂತೆ ಚಾಚಿ, ಮತ್ತೆ ಬಾಗಿ ಬಂತು. ಅದರ ಉಸಿರು, ಬೈಕಿನ ಸದ್ದು, ನನ್ನ ಎದೆಬಡಿತ ಎಲ್ಲ ಒಂದಾಯಿತು. ನಾನು ಅದರ ಜೊತೆಗೇ ತಿರುಗಿದೆ. ಒತ್ತಿದೆ, ಒತ್ತುತ್ತಲೇ ಹೋದೆ. ಆ ಕೆಲವು ಗಳಿಗೆಗಳಲ್ಲಿ ನನಗೆ ಶಾಲೆ, ಮನೆ, ವಯಸ್ಸು ಯಾವುದೂ ನೆನಪಿರಲಿಲ್ಲ. ಇಂಥ ಖುಷಿ ನನಗೆ ಮೊದಲ ಬಾರಿ ಒಂದು ಕಷ್ಟದ ಲೆಕ್ಕ ತಾನಾಗಿ ಬಿಡಿಸಿಕೊಂಡಾಗ ಆಗಿತ್ತು, ಹುಡುಗಿಯಾಗಿದ್ದಾಗ.

ಮನೆಯವರಿಗೆ ಅಂಥ ಖುಷಿ ಆಗಿರಲಿಲ್ಲ. ನಾಯಿ ಅವರ ಪಕ್ಕಕ್ಕೆ ಬಂದದ್ದು ಕಂಡು ಎರಡೂ ಕಾಲುಗಳನ್ನು ಎತ್ತಿ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡರು. ನಾಯಿ ಅವರನ್ನು ದಾಟಿ ಮುಂದೆ ಹೋಗಿ, ದಾರಿಯ ಕೊನೆಯಲ್ಲಿ ನಿಂತು, ಬಾಲ ಅಲ್ಲಾಡಿಸುತ್ತ ಅವರಿಗಾಗಿ ಕಾಯ್ದಿತು. ಬೈಕು ಓಲಾಡುತ್ತ ಹೋಗಿ ಕಾಲುವೆಯ ಮಣ್ಣಿನ ಗುಡ್ಡೆಗೆ ಒರಗಿ ನಿಂತಿತು. ನಾಯಿ ಹತ್ತಿರ ಬಂದು ರಬ್ಬರ್ ಬೂಟನ್ನು ಒಂದು ಸಲ ಮೂಸಿ, ಆಸಕ್ತಿ ಕಳೆದುಕೊಂಡು ತಿರುಗಿ ಹೋಯಿತು.

"ಅಳ್ಯಾ, ಇಳಿ ಇನ್ನ. ಅದು ಮನೀಗಿ ಹೋತು" ಎಂದು ಮಾಮಾ ಕೂಗಿದ ಮೇಲೂ ಅವರು ಸ್ವಲ್ಪ ಹೊತ್ತು ಕಾಲು ಇಳಿಸಲಿಲ್ಲ.

ಅಷ್ಟೂ ಚಿತ್ರಗಳಲ್ಲಿ ಒಂದೇ ಒಂದು ಸರಿಯಾಗಿ ಬಂದಿತ್ತು. ನಾಲ್ಕೂ ಕಾಲು ನೆಲ ಬಿಟ್ಟು, ಕಿವಿ ಹಿಂದಕ್ಕೆ ಒರಗಿ, ಹೊಟ್ಟೆಯ ಕೆಳಗೆ ಇಳಿಬಿಸಿಲಿನ ಧೂಳು. ಅದರ ಮುಂದೆ ಮಸುಕಾಗಿ ಮನೆಯವರ ಬಗ್ಗಿದ ಬೆನ್ನು. ನಾನು ಪುಟ್ಟ ಪರದೆಯ ಮೇಲೆ ಅದನ್ನು ಮತ್ತೆ ಮತ್ತೆ ನೋಡಿದೆ. ಮಾಮಾ ಇಣುಕಿ ನೋಡಿ, "ಛಲೋ ಐತಿ. ಆದರ ಇದರಾಗ ನಾ ಎಲ್ಲದೇನಿ?" ಎಂದರು. ಕೊನೆಗೆ ಮನೆಯ ಮುಂದೆ ಕುರ್ಚಿ ಹಾಕಿ, ತಲೆಗೆ ಪಟಗಾ ಸುತ್ತಿದ ಮಾಮಾ, ಅವರ ಮನೆಯವರೆಲ್ಲ, ಬದಿಗೆ ಟ್ರ್ಯಾಕ್ಟರ್, ಇನ್ನೊಂದು ಬದಿಗೆ ಸರಪಳಿ ಕಟ್ಟಿ ಕೂಡಿಸಿದ ನಾಯಿ, ಎಲ್ಲರೂ ಉಸಿರು ಬಿಗಿಹಿಡಿದಿರುವ ಇನ್ನೊಂದು ಫೋಟೋ ತೆಗೆದುಕೊಟ್ಟೆ. ಅವರ ಪಡಸಾಲೆಯಲ್ಲಿ ಈಗ ಕಟ್ಟು ಹಾಕಿಸಿ ಇಟ್ಟಿರುವುದು ಅದನ್ನೇ.

ಓಡುವ ನಾಯಿಯನ್ನು ನಾನು ಹವ್ಯಾಸಿಗಳ ಒಂದು ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮೊದಲ ಉತ್ತರ, "ಬಾಲದ ತುದಿ ಕಟ್ ಆಗಿದೆ ಮೇಡಂ." ನೋಡಿದರೆ ಹೌದು, ಬೆರಳಿನಷ್ಟು ಬಾಲ ಚೌಕಟ್ಟಿನ ಹೊರಗೆ ಉಳಿದಿತ್ತು. ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಅಡ್ಡಾಡಿದೆ. ಅತ್ತೆ ಮಾತ್ರ, "ನಾಯಿ ಬಂತಲ್ಲ. ಬಾಲ ಬೇಕಂದವ್ರು ಹೋಗಿ ತಾವ ಮಲಗಲಿ, ಮೂಗಿಗಿ ಉಳ್ಳಾಗಡ್ಡಿ ಹಿಡಿಸ್ಕೊಳ್ಳಲಿ" ಎಂದು ತೀರ್ಪು ಕೊಟ್ಟು, ದೊಡ್ಡದು ಮಾಡಿಸಿ ತರಲು ಮಗನಿಗೆ ಹೇಳಿದರು.

ಮನೆಯವರು ಮೊದಲು ತಮ್ಮ ಬೆನ್ನನ್ನು ಕತ್ತರಿಸಿ ತೆಗೆಯಬೇಕೆಂದು ಹಟ ಹಿಡಿದಿದ್ದರು. ಚಿತ್ರ ದೊಡ್ಡದಾಗಿ ಬಂದ ಮೇಲೆ ಏನಾಯಿತೋ, ಅದನ್ನು ಮನೆಗೆ ತರಲೇ ಇಲ್ಲ. ಅತ್ತೆಯ ಬಿಪಿ ಗುಳಿಗೆ ತರಲು ಅಂಗಡಿಗೆ ಹೋದಾಗ ನೋಡುತ್ತೇನೆ, ಕ್ಯಾಶ್ ಕೌಂಟರಿನ ಹಿಂದೆ ತೂಗುಹಾಕಿದ್ದಾರೆ. ಗಿರಾಕಿಯೊಬ್ಬರು, "ಇದು ಜಿಂಕೀನ್ರಿ?" ಎಂದು ಕೇಳುತ್ತಿದ್ದರು.

"ಮುಧೋಳ ನಾಯಿರಿ. ಮುಂದ ಬೈಕ್ ಮ್ಯಾಲಿರಾಂವ ನಾನ."

"ಹೌದಾ? ಮತ್ತ ಹಿಡೀತೇನ್ರಿ?"

"ಎಲ್ಲಿ ಸಿಗತೀನ್ರಿ ನಾನು ಅದಕ್ಕ!" ಎಂದರು ಮನೆಯವರು, ನಾನು ಅಲ್ಲಿಯೇ ನಿಂತಿದ್ದರೂ.

ನಾನು ಸುಮ್ಮನೆ ಗುಳಿಗೆ ಇಸಿದುಕೊಂಡೆ. ಬರುವ ಭಾನುವಾರ ಬೀಳಗಿಯ ಕಡೆ ಹಿನ್ನೀರಿಗೆ ಹಕ್ಕಿಗಳನ್ನು ತೆಗೆಯಲು ಹೋಗಬೇಕಿತ್ತು, ಅಲ್ಲಿಯವರೆಗೆ ಬಸ್ಸು ಹೋಗುವುದಿಲ್ಲ, ಬೈಕೇ ಬೇಕು.